ಬಾಗಿಲು ಮುಂದೆ ಮಾಡಿದ ಅಂಗಡಿ

ಕಾಗದನಗರ, ಭದ್ರಾವತಿ
ಬುಧವಾರ, 6 ಆಗಸ್ಟ್ 2003

ವಿಮಲ,

ಸಂಜೆ ಐದು ಗಂಟೆ. ಬೆಳಿಗ್ಗೆ ಅಕ್ಕಿ ಆರಿಸಿದೆ. ಆರಿಸಿದ ಅಕ್ಕಿಯನ್ನೇ ಮಧ್ಯಾಹ್ನ ಇನ್ನೊಂದು ಸಲ ಆರಿಸಿದೆ. ತಮ್ಮನ ಹೆಂಡತಿ ಬೇರೆ ಯಾವ ಕೆಲಸಕ್ಕೂ ಕೈ ಹಾಕಲು ಬಿಡುವುದಿಲ್ಲ. ಊಟವಾದ ಮೇಲೆ ಮಳೆ ನಿಂತಿತು. ಕಾರ್ಖಾನೆಯ ಸೈರನ್ ಆಯಿತು, ಮುರಳಿ ಮನೆಗೆ ಬಂದ. ಇಷ್ಟು ಇವತ್ತಿನ ದಿನ.

ಮೊನ್ನೆ ಫೋನಿನಲ್ಲಿ ನೀನು ಅಷ್ಟು ಹೊತ್ತು ಮಾತಾಡಿದೆ. ನಾನು ಹೂಂ ಎನ್ನುವುದು ಬಿಟ್ಟು ಏನೂ ಹೇಳಲಿಲ್ಲ. ಬೇಸರ ಮಾಡಿಕೊಳ್ಳಬೇಡ. ನಮ್ಮವರು ಹೋದಾಗಿನಿಂದ ಫೋನ್ ಹಿಡಿದರೆ ಗಂಟಲು ಕಟ್ಟುತ್ತದೆ. ಕೈಗೆ ಆ ತೊಂದರೆ ಇಲ್ಲ, ದಿನವೂ ಡೈರಿ ಬರೆಯುತ್ತಲೇ ಇದೆ. ಅದಕ್ಕೆ ಇನ್ನು ಕಾಗದವೇ ಆಗಲಿ ಎಂದುಕೊಂಡೆ. ಮುರಳಿ ನಗುತ್ತಾನೆ. "ಅಕ್ಕ, ಶಿವಮೊಗ್ಗ ಏನು ಕಾಶೀನಾ? ಬಸ್ ಹತ್ತಿದ್ರೆ ಒಂದು ನಿದ್ದೆ ಮಾಡೋಷ್ಟು ದೂರ ಇಲ್ಲ. ಕಾಗದ ಬರೀತಾ ಕೂತಿದ್ದೀಯಲ್ಲ!" ಎನ್ನುತ್ತಾನೆ. ಅವನಿಗೆ ಹೇಗೆ ಹೇಳುವುದು, ಬಸ್ಸು ಬೇಗ ಹೋಗುತ್ತದೆ, ನಾನು ಹೋಗುವುದಿಲ್ಲ.

ನಮ್ಮವರೂ ನಾನೂ ಇಪ್ಪತ್ತು ವರ್ಷ ಬ್ಲೌಸ್ ಪೀಸು ಮಾರುತ್ತಾ ಕೂತ ಅಂಗಡಿ ಅದು. ಬಾಗಿಲು ಮುಂದೆ ಮಾಡಿ ಬಂದು ಅರ್ಧ ವರ್ಷವಾಯಿತು. ಹಾಗೇ ಇರಲಿ. ನೀನು ಪಕ್ಕದಲ್ಲೇ ಇದ್ದೀಯಲ್ಲ, ಮೆಟ್ಟಿಲ ಮೇಲೆ ಕಸ ಬಿದ್ದಿದ್ದರೆ ಗುಡಿಸಲು ಯಾರಿಗಾದರೂ ಹೇಳು. ಅಷ್ಟು ಸಾಕು.

ನಾಳೆ ಗುರುವಾರ. ಗ್ಯಾಸ್ ಸಿಲಿಂಡರ್ ಬರುತ್ತದೆ.

ಪುಷ್ಪ


ಕಂಚುಗಾರ ಬೀದಿ, ಶಿವಮೊಗ್ಗ
ಗುರುವಾರ, 14 ಆಗಸ್ಟ್ 2003

ಪುಷ್ಪಕ್ಕ,

ನಿನ್ನದು ಕಾಗದವೋ ರೇಡಿಯೋ ವಾರ್ತೆಯೋ ಮಾರಾಯ್ತಿ! ಗಂಟೆ, ಮಳೆ, ಸೈರನ್, ಸಿಲಿಂಡರ್. ಓದಿ ಮುಗಿಸಿದ ಮೇಲೆ ನಮ್ಮವರು, "ಮುಂದಿನ ವಾರ್ತೆ ಎಷ್ಟು ಗಂಟೆಗೆ?" ಎಂದು ಕೇಳಿದರು. ಸಿಲಿಂಡರ್ ಬಂತೇ?

ಇಲ್ಲಿ ಒಂದು ದೊಡ್ಡ ಸುದ್ದಿ ಇದೆ. ನಮ್ಮ ಬೀದಿಗೆ ಜೀವ ತುಂಬುತ್ತಾರಂತೆ. ವ್ಯಾಪಾರವೆಲ್ಲ ವಿನೋಬನಗರಕ್ಕೆ, ಆಲ್ಕೊಳದ ಕಡೆಗೆ ಹರಿದುಹೋಗಿರುವುದು ನಿನಗೆ ಗೊತ್ತೇ ಇದೆ. ನಾನು ದಿನಕ್ಕೆ ಮಾರುವ ಸ್ಟೀಲ್ ಪಾತ್ರೆಗಿಂತ ಒರೆಸುವ ಪಾತ್ರೆ ಜಾಸ್ತಿ. ಅದಕ್ಕೆ ಅಂಗಡಿಯವರೆಲ್ಲ ಸೇರಿ ಸಮಿತಿ ಮಾಡಿಕೊಂಡಿದ್ದಾರೆ. ಚಂದ್ರಶೇಖರಪ್ಪನವರು ಅಧ್ಯಕ್ಷರು. ಪೇಟೆ ಯೋಜನೆ ಮಾಡಲು ಬೆಂಗಳೂರಿನ ಕಂಪನಿಯಿಂದ ಒಂದು ಹುಡುಗಿಯನ್ನು ಕರೆಸಿದ್ದಾರೆ. ಹೆಸರು ಮೈತ್ರಿ. ಪುಣೆಯಲ್ಲಿ ಬೆಳೆದವಳು. ಕನ್ನಡ ಮಾತಾಡುತ್ತಾಳೆ, ಆದರೆ ಪಾಠ ಒಪ್ಪಿಸಿದ ಹಾಗೆ.

ಮೊದಲ ಸಭೆ ಅಧ್ಯಕ್ಷರ ಮಹಡಿಯ ಮೇಲೆ. ನಮಗೆ ಏನು ಬೇಕು ಎಂದು ಮೈತ್ರಿ ಕೇಳಿದಳು. ನಮ್ಮವರು ಎದ್ದು ನಿಂತು, "ಬೀದಿ ಮಧ್ಯೆ ಕಾರಂಜಿ ಬೇಕು" ಎಂದರು. "ನಲ್ಲಿಯಲ್ಲೇ ನೀರಿಲ್ಲ ಕಣೋ ಷಡಕ್ಷರಿ, ಕಾರಂಜಿ ಯಾವ ಬಾವಿಗೆ ಕಟ್ಟಿಸ್ತೀಯ?" ಎಂದು ಹಿಂದಿನಿಂದ ಯಾರೋ ಕೂಗಿದರು. ಒಬ್ಬರು ಸ್ಕೂಟರ್ ನಿಲ್ಲಿಸಲು ಜಾಗ ಎಂದರು, ಒಬ್ಬರು ದೀಪ ಎಂದರು. ನಾನು ಬೆಂಚು ಎಂದೆ. ಹೆಂಗಸರು ಕೂತರೆ ತಾನೇ ಕೊಳ್ಳುವ ಮನಸ್ಸಾಗುವುದು?

ಆ ಹುಡುಗಿ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳಿದಳು. ಬೀದಿಯಲ್ಲಿ ಒಂದು ಅಂಗಡಿಗೆ ಬೀಗ ಬಿದ್ದಿದ್ದರೆ ಜನ ಅಲ್ಲಿ ಹೆಜ್ಜೆ ಜೋರು ಮಾಡುತ್ತಾರಂತೆ. ಜೋರು ಮಾಡಿದ ಹೆಜ್ಜೆ ಪಕ್ಕದ ಅಂಗಡಿಗೂ ನಿಲ್ಲುವುದಿಲ್ಲವಂತೆ. "ದೀಪ, ಬೆಂಚು ಆಮೇಲೆ. ಮೊದಲು ಬೀಗಗಳು" ಎಂದಳು. ಆಗ ಎಲ್ಲರೂ ತಲೆಯೆತ್ತಿ ಫ್ಯಾನ್ ನೋಡಿದರು, ನನ್ನ ಮುಖ ನೋಡಬಾರದು ಎಂದು. ನಾನೂ ಫ್ಯಾನ್ ನೋಡಿದೆ.

ಮಾರನೇ ದಿನ ಅವಳು ಬೀದಿಯ ನಕ್ಷೆ ಹಿಡಿದು ನಮ್ಮ ಅಂಗಡಿಯಲ್ಲೇ ಕೂತಳು. ನಮ್ಮವರು ಟೀ ಕುಡಿಸುತ್ತಾ ಒಂದೊಂದೇ ಅಂಗಡಿಯ ಸ್ಥಿತಿಗತಿ ಹೇಳಿ ಬರೆಸಿದರು. ಸಂಜೆಯ ಹೊತ್ತಿಗೆ ಅವಳಿಗೆ ಕೈ ನೋವು, ಇವರಿಗೆ ಬಾಯಿ ನೋವು.

ಮೆಟ್ಟಿಲು ಗುಡಿಸಲು ಯಾರಿಗೂ ಹೇಳಿಲ್ಲ, ನಾನೇ ಗುಡಿಸುತ್ತಿದ್ದೇನೆ. ನಿನ್ನ ಗಿರಾಕಿಗಳು ಇನ್ನೂ ಬರುತ್ತಾರೆ. ನಾನು ಏನೋ ಒಂದು ಹೇಳಿ ಕಳಿಸುತ್ತೇನೆ. ಏನು ಎಂದು ಕೇಳಬೇಡ.

ವಿಮಲ


ಭದ್ರಾವತಿ
ಬುಧವಾರ, 27 ಆಗಸ್ಟ್ 2003

ವಿಮಲ,

ಮಧ್ಯಾಹ್ನ ಮೂರು ಗಂಟೆ. ಸಿಲಿಂಡರ್ ಬಂತು. ಷಡಕ್ಷರಪ್ಪನವರಿಗೆ ತಿಳಿಸು.

ಇವತ್ತು ಬೆಳಿಗ್ಗೆ ಪಕ್ಕದ ಕ್ವಾರ್ಟರ್ಸಿನ ಸೆಲ್ವಿ ಗೌರಿ ಹಬ್ಬಕ್ಕೆ ತಂದ ಸೀರೆ ತೋರಿಸಲು ಬಂದಿದ್ದಳು. ಗಿಣಿಹಸಿರು, ಅಂಚು ಕೆಂಪು. ಬ್ಲೌಸ್ ಬೇರೆ ಅಂಗಡಿಯಲ್ಲಿ ತಂದಿದ್ದಾಳೆ. ಒಳಗೆ ನೋಡಿದರೆ ಒಂದೇ ಬಣ್ಣ. ಹೊರಗೆ ಬಾವಿಕಟ್ಟೆಯ ಹತ್ತಿರ ಹಿಡಿದರೆ ಒಂದು ಹಸಿರು, ಇನ್ನೊಂದು ಪಾಚಿ. ಅವಳಿಗೆ ಗೊತ್ತಾಗಲಿಲ್ಲ. ಚೆನ್ನಾಗಿದೆ ಎಂದು ಹೇಳಿ ಕಳಿಸಿದೆ.

ಅವರು ಇದ್ದಿದ್ದರೆ ಹೇಳದೆ ಬಿಡುತ್ತಿರಲಿಲ್ಲ. "ಟ್ಯೂಬ್‌ಲೈಟ್ ಸುಳ್ಳು ಹೇಳುತ್ತೆ, ಬನ್ನಿ ಹೊರಗೆ" ಎಂದು ಗಿರಾಕಿಯನ್ನೇ ಬೀದಿಗೆ ಕರೆದುಕೊಂಡು ಹೋಗುತ್ತಿದ್ದರು. ಸೀರೆಯ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ತುದಿ ಗಿರಾಕಿಯ ಕೈಯಲ್ಲಿ, ಮಧ್ಯೆ ಸೈಕಲ್‌ನವರು ಬೆಲ್ ಹೊಡೆದುಕೊಂಡು ನಿಂತಿರುತ್ತಿದ್ದರು. ನಾನು ಒಳಗಿನಿಂದ ಬ್ಲೌಸ್ ಪೀಸುಗಳನ್ನು ಒಂದೊಂದಾಗಿ ಕೊಡುತ್ತಿದ್ದೆ. ನಾನು ಯಾವತ್ತೂ ಬೀದಿಗೆ ಇಳಿದು ಬಣ್ಣ ನೋಡಿದವಳಲ್ಲ.

ನಿಮ್ಮ ಯೋಜನೆ ಒಳ್ಳೆಯದಾಗಲಿ. ಬೆಂಚು ಹಾಕಿಸಿ. ಆ ಹುಡುಗಿ ಹೇಳಿದ ಮಾತು ಸರಿ ಇರಬಹುದು. ನನ್ನ ಬೀಗದಿಂದ ನಿನ್ನ ಪಾತ್ರೆಗಳಿಗೆ ತೊಂದರೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ಅಂಗಡಿಯ ಬಗ್ಗೆ ಒಂದು ವಿಷಯ ನಿನಗೆ ಬರೆಯಬೇಕು. ಇವತ್ತು ಬೇಡ. ಮನಸ್ಸು ಗಟ್ಟಿಯಾದ ಮೇಲೆ ಬರೆಯುತ್ತೇನೆ.

ನಾಳೆ ಮುರಳಿಗೆ ಮೊದಲನೇ ಪಾಳಿ.

ಪುಷ್ಪ


ಶಿವಮೊಗ್ಗ
ಸೋಮವಾರ, 8 ಸೆಪ್ಟೆಂಬರ್ 2003

ಪುಷ್ಪಕ್ಕ, ನನ್ನ ಚಿನ್ನದಂಥ ಪುಷ್ಪಕ್ಕ,

ನೀನು ಬರೆಯದಿದ್ದರೆ ನನಗೆ ಗೊತ್ತಾಗುವುದಿಲ್ಲ ಎಂದುಕೊಂಡೆಯಾ? ಅಂಗಡಿಯ ವಿಷಯ, ಮನಸ್ಸು ಗಟ್ಟಿಯಾಗಬೇಕು, ಬೆಂಚು ಹಾಕಿಸಿ! ನೀನು ಬರುತ್ತಿದ್ದೀಯ. ಕಾಗದ ಓದಿದ ತಕ್ಷಣ ನಮ್ಮವರಿಗೆ ಹೇಳಿದೆ. ನಮ್ಮವರು ಬೀದಿಗೆಲ್ಲ ಹೇಳಿದರು. ಹೂವಿನ ಅಂಗಡಿಯವಳು, "ಮೊದಲನೇ ದಿನ ಬಾಗಿಲಿಗೆ ಹಾರ ನಂದು" ಎಂದಿದ್ದಾಳೆ. ಹೊಸ ಪೊರಕೆ ತಂದಿಟ್ಟಿದ್ದೇನೆ. ಹಸಿರು ಹಿಡಿಯದು.

ಗಣಪತಿ ಚೆನ್ನಾಗಿ ಆಯಿತು. ನಮ್ಮವರು ಗಣಪತಿಯ ಮುಂದೆ ಬಕೆಟ್ಟು, ಮೋಟರು ಇಟ್ಟು ಕಾರಂಜಿ ಮಾಡಿದ್ದರು. ಎರಡನೇ ದಿನ ಮೋಟರು ಸುಟ್ಟಿತು. ಇನ್ನು ಸಭೆಯಲ್ಲಿ ಕಾರಂಜಿಯ ಮಾತು ಎತ್ತುವುದಿಲ್ಲ ಎಂದುಕೊಂಡಿದ್ದೇನೆ.

ಮೈತ್ರಿ ಬೆಂಗಳೂರಿಗೆ ಹೋಗಿ ವರದಿ ಬರೆಯುತ್ತಿದ್ದಾಳೆ. ಈ ತಿಂಗಳ ಕೊನೆಯಲ್ಲಿ ಬಂದು ಟೇಪು ಹಿಡಿದು ಬೀದಿ ಅಳೆಯುತ್ತಾಳಂತೆ.

ಹೊಸಮನೆ ಬಡಾವಣೆಯ ಟೀಚರ್ ಇವತ್ತೂ ಬಂದಿದ್ದರು. ಅದೇ, ಬಿಂದುಶ್ರೀ ಟೀಚರ್. ಅವರ ನೇರಳೆ ಸೀರೆ ಮ್ಯಾಚಿಂಗಿಗೆ ಎಂದು ಕೊಟ್ಟಿದ್ದು ನಿನ್ನ ಅಂಗಡಿಯೊಳಗೇ ಇದೆಯಂತೆ. ಈ ಸಲ ಅವರ ಮುಖ ನೋಡಲು ನನಗೇ ನಾಚಿಕೆಯಾಯಿತು. ಆದರೂ ಅದೇ ಉತ್ತರ ಹೇಳಿದೆ.

ಯಾವತ್ತು ಬರುತ್ತೀಯ? ದಿನ ಬರೆದು ಹಾಕು.

ವಿಮಲ


ಭದ್ರಾವತಿ
ಬುಧವಾರ, 17 ಸೆಪ್ಟೆಂಬರ್ 2003

ವಿಮಲ,

ಬೆಳಿಗ್ಗೆ ಹನ್ನೊಂದು ಗಂಟೆ. ಇವತ್ತು ಅಕ್ಕಿ ಆರಿಸಿಲ್ಲ. ಟಪಾಲಿನವನು ರಿಜಿಸ್ಟರ್ ಕಾಗದ ತಂದ. ನಿಮ್ಮ ಸಮಿತಿಯದು. ಚಂದ್ರಶೇಖರಪ್ಪನವರ ರುಜು ಇದೆ. "ತಮ್ಮ ಅಂಗಡಿಯ ಬಾಗಿಲನ್ನು ಬೀದಿಗೆ ಮುಂದೆ ಮಾಡಿರುವುದು ಸಮೀಕ್ಷೆಯಲ್ಲಿ ಕಂಡುಬಂದಿದೆ. 28ನೇ ತಾರೀಕು ಭಾನುವಾರ ಅಳತೆಯ ವೇಳೆಗೆ ಬಾಗಿಲನ್ನು ಮೊದಲಿನ ಗೆರೆಗೆ ಹಿಂದೆ ಸರಿಸದಿದ್ದರೆ ತಮ್ಮ ಅಂಗಡಿಯನ್ನು ಯೋಜನೆಯಿಂದ ಕೈಬಿಡಲಾಗುವುದು" ಎಂದು ಬರೆದಿದೆ.

ಎರಡು ಸಲ ಓದಿದೆ. ಅದು ನಮ್ಮವರು ಇಡಿಸಿದ ತೇಗದ ಬಾಗಿಲು. ನಾನು ಬೀಗ ಹಾಕಿ ಬಂದಾಗ ಇದ್ದಲ್ಲೇ ಇತ್ತು. ಅದನ್ನು ಕಿತ್ತು ಮುಂದೆ ಇಟ್ಟವರು ಯಾರು? ಪಕ್ಕದಲ್ಲೇ ಇದ್ದೀಯ, ದಿನವೂ ಮೆಟ್ಟಿಲು ಗುಡಿಸುತ್ತೀಯ. ನಿನ್ನ ಕಣ್ಣಿಗೆ ಬೀಳಲಿಲ್ಲವೇ?

ನಾನು ಬರೆಯಬೇಕೆಂದಿದ್ದ ವಿಷಯ ಈಗ ಬರೆದುಬಿಡುತ್ತೇನೆ. ನಾನು ಬರುತ್ತಿಲ್ಲ ವಿಮಲ. ನೆಹರೂ ರೋಡಿನ ಮೊಬೈಲ್ ಅಂಗಡಿಯ ಯೋಗರಾಜ್ ಇಲ್ಲಿಗೇ ಬಂದು ಕೇಳಿದ್ದ. ಅವನಿಗೆ ಗೋಡೌನ್ ಬೇಕಂತೆ. ಒಳ್ಳೆಯ ಹುಡುಗ. ದಸರಾ ಒಳಗೆ ಬೀಗದ ಕೈ ಕೊಡುತ್ತೇನೆ ಎಂದಿದ್ದೇನೆ. ಈಗ ನೋಡಿದರೆ, ಕೈ ಕೊಡುವ ಮೊದಲೇ ಅವನೇ ಏನಾದರೂ ಬಾಗಿಲು ಮುಟ್ಟಿದನೋ ಎಂದು ಅನುಮಾನ.

ಪೊರಕೆ ತಂದಿಟ್ಟಿದ್ದೀಯ ಎಂದು ಓದಿ ಸಂಕಟವಾಯಿತು.

ನಾಳೆ ಮುರಳಿ ಆ ನೋಟಿಸನ್ನು ವಕೀಲರಿಗೆ ತೋರಿಸುತ್ತಾನೆ.

ಪುಷ್ಪ


ಶಿವಮೊಗ್ಗ
ಶನಿವಾರ, 20 ಸೆಪ್ಟೆಂಬರ್ 2003

ಪುಷ್ಪಕ್ಕನವರಿಗೆ,

ತಮ್ಮ ಪತ್ರ ತಲುಪಿತು. ಬಾಗಿಲು ಇದ್ದಲ್ಲೇ ಇದೆ. ಈಗ ತಾನೇ ಕೈಯಿಂದ ಮುಟ್ಟಿ ನೋಡಿ ಬಂದು ಬರೆಯುತ್ತಿದ್ದೇನೆ. ಯೋಗರಾಜ್ ಮುಟ್ಟಿಲ್ಲ, ಯಾರೂ ಮುಟ್ಟಿಲ್ಲ. ಸಾಗರಕ್ಕೆ ಹೋದ ಗಡಿಯಾರದಂಗಡಿಯವರಿಗೂ, ದಾವಣಗೆರೆಗೆ ಹೋದ ಕೊಡೆ ರಿಪೇರಿಯವರಿಗೂ ಇದೇ ನೋಟಿಸು ಬಂದಿದೆಯಂತೆ. ನಮ್ಮವರಿಗೆ ಏನೂ ಅರ್ಥವಾಗುತ್ತಿಲ್ಲ. ಅಧ್ಯಕ್ಷರನ್ನು ಕೇಳಿದರೆ, "ಕಂಪನಿಯವರು ಟೈಪ್ ಮಾಡಿ ಕಳಿಸಿದ್ರು, ರುಜು ಹಾಕ್ದೆ" ಎನ್ನುತ್ತಾರೆ. ಅವರ ಹಳೇ ಬೀಜದ ಅಂಗಡಿಗೂ ಬೀಗ ಬಿದ್ದಿದೆಯಲ್ಲ, ಅದಕ್ಕೂ ನೋಟಿಸು ಹೋಗಿದೆ. ತಮಗೆ ತಾವೇ ರುಜು ಹಾಕಿ ಕಳಿಸಿಕೊಂಡಿದ್ದಾರೆ. ಬೇರೆ ದಿನವಾಗಿದ್ದರೆ ಇದಕ್ಕೆ ನಗುತ್ತಿದ್ದೆ.

28ಕ್ಕೆ ಬಂದು ಬಾಗಿಲು ತೆಗೆದು ತೋರಿಸಿ. ಆಮೇಲೆ ಬೀಗದ ಕೈ ಯಾರಿಗೆ ಬೇಕಾದರೂ ಕೊಡಿ. ಟೀಚರ ಸೀರೆ ಮಾತ್ರ ತೆಗೆದು ಕೊಟ್ಟು ಹೋಗಿ.

ಒಂದು ಮಾತು ಮೊದಲೇ ಹೇಳಬಹುದಿತ್ತು ಮಾರಾಯ್ತಿ.

ವಿಮಲ


ಭದ್ರಾವತಿ
ಭಾನುವಾರ, 28 ಸೆಪ್ಟೆಂಬರ್ 2003

ವಿಮಲ,

ಸಂಜೆ ಏಳು ಗಂಟೆ. ಈಗ ತಾನೇ ಬಸ್ಸಿಳಿದು ಬಂದು ಕಾಲು ತೊಳೆದು ಕೂತಿದ್ದೇನೆ. ಇವತ್ತು ಏನೇನಾಯಿತು ಎನ್ನುವುದು ನಿನಗೆ ಗೊತ್ತು, ನೀನು ಅಲ್ಲೇ ಇದ್ದೆ. ಆದರೂ ಬರೆಯುತ್ತೇನೆ. ಬರೆದರೆ ತಾನೇ ನನಗೆ ಆಯಿತು ಎಂದು ಅನ್ನಿಸುವುದು.

ಬೆಳಿಗ್ಗೆ ನಾನು ಬೀದಿಗೆ ಬಂದಾಗ ನೀನು ನಿನ್ನ ಜಗುಲಿಯ ಮೇಲೆ ಕೈಕಟ್ಟಿ ನಿಂತಿದ್ದೆ. "ಬಂದ್ರಾ" ಎಂದೆ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ನಿನ್ನ ಬಾಯಲ್ಲಿ ನನಗೆ ಬಹುವಚನ. ನಾನು ನೇರವಾಗಿ ಬಾಗಿಲ ಹತ್ತಿರ ಹೋದೆ. ಇದ್ದಲ್ಲೇ ಇತ್ತು. ಹೊಸ್ತಿಲ ಹತ್ತಿರ ಅವರ ಸೈಕಲ್ ಪೆಡಲು ತಗುಲಿ ಆದ ಗೀರು ಕೂಡ ಇದ್ದಲ್ಲೇ ಇತ್ತು. ಬೀಗ ತುಕ್ಕು ಹಿಡಿದು ತಿರುಗಲಿಲ್ಲ. ನೀನು ಕೊಬ್ಬರಿ ಎಣ್ಣೆ ತಂದು ಬೀಗಕ್ಕೆ ಬಿಟ್ಟೆ, ಹೋಗಿ ಮತ್ತೆ ಕೈಕಟ್ಟಿ ನಿಂತೆ. ಆ ಹೊತ್ತು ನನಗೆ ನಗು ಬಂದಿತ್ತು. ತೋರಿಸಿಕೊಳ್ಳಲಿಲ್ಲ.

ಬಾಗಿಲು ತೆಗೆದೆ. ಹೊಸ ಬಟ್ಟೆಯ ಗಂಜಿಯ ವಾಸನೆ. ಕುರ್ಚಿಯ ಮೇಲೆ ಅವರ ಟವೆಲ್ಲು. ಇದನ್ನು ನೋಡಬೇಕಾಗುತ್ತದೆ ಎಂದೇ ಇಷ್ಟು ದಿನ ಬಂದಿರಲಿಲ್ಲ. ನೋಡಿದೆ. ಮಡಿಸಿ ಒಳಗಿಟ್ಟೆ. ಕುರ್ಚಿಯ ಧೂಳು ಒರೆಸಿದೆ.

ಹೊರಗೆ ಬಂದು ನೋಡಿದರೆ ಬೀದಿಯೇ ಬೇರೆಯಾಗಿತ್ತು. ಭಾನುವಾರ ನಮ್ಮ ಬೀದಿಗೆ ರಜ. ದಿನವೂ ತೆಗೆಯುವ ಅಂಗಡಿಗಳಿಗೆಲ್ಲ ಬೀಗ. ವರ್ಷಗಟ್ಟಲೆ ಬೀಗ ಬಿದ್ದಿದ್ದ ಅಂಗಡಿಗಳೆಲ್ಲ ತೆಗೆದಿವೆ! ಗಡಿಯಾರದವರು ಸಾಗರದಿಂದ, ಕೊಡೆಯವರು ದಾವಣಗೆರೆಯಿಂದ, ಎಲ್ಲರೂ ನೋಟಿಸು ಹಿಡಿದು, ಅವರವರ ಹೊಸ್ತಿಲ ಮೇಲೆ ಜಗಳಕ್ಕೆ ತಯಾರಾಗಿ ನಿಂತಿದ್ದಾರೆ. ಅಧ್ಯಕ್ಷರೂ ತಮ್ಮ ಹೊಸ್ತಿಲ ಮೇಲೆ, ತಮ್ಮದೇ ನೋಟಿಸು ಹಿಡಿದು.

ಮೈತ್ರಿ ಟೇಪು ಹಿಡಿದು ನನ್ನ ಬಾಗಿಲಿಗೇ ಮೊದಲು ಬಂದಳು. ಅಳೆದಳು. ನಕ್ಷೆ ನೋಡಿದಳು. ಮತ್ತೆ ಅಳೆದಳು.

"ಅಮ್ಮ, ಇದು ಗೆರೆಯ ಮೇಲೆಯೇ ಇದೆ. ತಾವು ಹಿಂದೆ ಸರಿಸಿದಿರಾ?"

"ಮುಂದೆ ಹೋಗಿದ್ರೆ ತಾನೇ ಹಿಂದೆ ಬರೋದು?" ಎಂದೆ. ನನ್ನ ಗಂಟಲು ಕಟ್ಟಲಿಲ್ಲ.

ಆಗ ಅವಳು ಷಡಕ್ಷರಪ್ಪನವರ ಕಡೆ ತಿರುಗಿದಳು. "ಸರ್, ತಾವೇ ಹೇಳಿದಿರಿ. ಈ ಅಂಗಡಿ ಹೇಗಿದೆ ಎಂದು ಕೇಳಿದೆ. ಬಾಗಿಲು ಮುಂದೆ ಮಾಡಿದ್ದಾರೆ ಎಂದಿರಿ. ಎಷ್ಟು ಮುಂದೆ ಎಂದು ಕೇಳಿದೆ. ಅರ್ಧ ವರ್ಷದಿಂದ ಎಂದಿರಿ. ನಾನು ಕೇಳಿದ್ದು ಎಷ್ಟು ಅಡಿ ಎಂದು."

ಷಡಕ್ಷರಪ್ಪನವರು ಹಣೆ ಚಚ್ಚಿಕೊಂಡರು. "ಅಯ್ಯೋ ನನ್ನ ತಾಯಿ! ಬಾಗಿಲು ಮುಂದೆ ಮಾಡೋದು ಅಂದ್ರೆ, ಬಾಗಿಲನ್ನ ಹೀಗೆ ಎಳ್ಕೊಂಡು... ಅಂದ್ರೆ..."

"ಅಂದರೆ ಮುಚ್ಚಿದ್ದಾರೆ ಎಂದೇ?"

"ಶ್! ಅಂಗಡಿ ಎದುರು ನಿಂತು ಆ ಮಾತು ಆಡ್ತಾರೇನಮ್ಮ? ಮನೆ ದೀಪಕ್ಕೆ ಆರಿಸು ಅಂತೀವಾ? ಅಂಗಡಿಗೆ ಮುಚ್ಚಿದೆ ಅನ್ನಬಾರದು ಅಂತ ಮುಂದೆ ಮಾಡಿದೆ ಅನ್ನೋದು."

"ಈಗ ತಾವೇ ಅಂದಿರಲ್ಲ ಸರ್, ಮುಚ್ಚಿದೆ ಎಂದು."

"ನೋಡಿದ್ರಾ ಪುಷ್ಪಕ್ಕ, ಪುಣೆಯವಳು ನನ್ನ ಬಾಯಲ್ಲೇ ಹೇಳಿಸಿಬಿಟ್ಟಳು!"

ಮೊದಲು ನಕ್ಕವಳು ನೀನು. ಕೈಕಟ್ಟಿದ್ದು ಬಿಟ್ಟು ಕಂಬ ಹಿಡಿದುಕೊಂಡು ನಕ್ಕೆ. ಆಮೇಲೆ ಬೀದಿಯೇ ನಕ್ಕಿತು. ಮೈತ್ರಿ ಕಿವಿಯವರೆಗೂ ಕೆಂಪಾದಳು, ಆಮೇಲೆ ಅವಳೂ ನಕ್ಕಳು. ನಗು ನಿಂತ ಮೇಲೆ ಬೀದಿಯ ಈ ತುದಿಯಿಂದ ಆ ತುದಿಗೆ ನೋಡಿದಳು. "ಬೀಗ ಬಿದ್ದ ಅಂಗಡಿಗಳನ್ನು ತೆಗೆಸಲು ನನ್ನ ವರದಿಯಲ್ಲಿ ಮೂರು ವರ್ಷ ಹಾಕಿದ್ದೆ. ಎಲ್ಲವೂ ತೆಗೆದಿವೆ" ಎಂದಳು. ಕೊಡೆಯವರು, "ಬಂದಿದ್ದಾಯ್ತು, ದಸರಾ ಮುಗಿಸ್ಕೊಂಡೇ ಹೋಗ್ತೀನಿ" ಎಂದು ಚೀಲದಿಂದ ಉಪಕರಣ ತೆಗೆದಿಟ್ಟರು.

ಅಷ್ಟರಲ್ಲಿ ಟೀಚರ್ ಬಂದರು. ತರಕಾರಿಗೆ ಹೊರಟವರು ಬಾಗಿಲು ನೋಡಿ ಒಳಗೆ ನುಗ್ಗಿದರು. "ಏನ್ರೀ ಪುಷ್ಪಮ್ಮ, ವಿಮಲಮ್ಮ ಪ್ರತಿ ಸಲವೂ ಸೋಮವಾರ ಬರ್ತಾರೆ ಅಂತ ಹೇಳಿ ಹೇಳಿ ಕಳಿಸಿದ್ರು. ಒಂದು ಸೋಮವಾರವೂ ಬರಲಿಲ್ಲ. ಈಗ ನೋಡಿದ್ರೆ ಭಾನುವಾರ ತೆಗೆದು ಕೂತಿದ್ದೀರಲ್ಲ!" ಎಂದರು.

ನಾನು ನಿನ್ನ ಕಡೆ ನೋಡಿದೆ. ನೀನು ಫ್ಯಾನ್ ಇಲ್ಲದ ಕಡೆ ಫ್ಯಾನ್ ನೋಡುತ್ತಿದ್ದೆ.

ನೇರಳೆ ಸೀರೆ ನಮ್ಮವರು ಇಟ್ಟ ಕಡೆಯೇ ಇತ್ತು. ಬ್ಲೌಸ್ ಪೀಸುಗಳನ್ನು ತೆಗೆದೆ. ಒಳಗೆ ಎಲ್ಲವೂ ಒಂದೇ ನೇರಳೆ. ಪೀಸುಗಳನ್ನು ಹಿಡಿದು, ಯಾರಿಗೆ ಕೊಡುವುದು ಎಂದು ಬೀದಿಯ ಕಡೆ ತಿರುಗಿದೆ. ಅವರು ನಿಲ್ಲುತ್ತಿದ್ದ ಜಾಗದಲ್ಲಿ ಯಾರೂ ಇರಲಿಲ್ಲ. ಆಮೇಲೆ, "ಬನ್ನಿ ಹೊರಗೆ" ಎಂದು ನಾನೇ ಮೆಟ್ಟಿಲಿಳಿದೆ. ಸೀರೆಯ ಒಂದು ತುದಿ ಟೀಚರ ಕೈಯಲ್ಲಿ, ಒಂದು ತುದಿ ನನ್ನ ಕೈಯಲ್ಲಿ. ಒಳಗಿನಿಂದ ಪೀಸು ಕೊಡಲು ಯಾರೂ ಇಲ್ಲವಲ್ಲ ಎಂದುಕೊಳ್ಳುವಷ್ಟರಲ್ಲಿ ನೀನು ಒಳಗಿದ್ದೆ. ಬದನೆಕಾಯಿ ಬಣ್ಣದ್ದು ಕೊಟ್ಟೆ, ನಾನು ಬೇಡ ಎಂದೆ. ನೇರಳೆಹಣ್ಣಿನದು ಕೊಟ್ಟೆ, ಅದೂ ಬೇಡ ಎಂದೆ. "ಎಷ್ಟು ಸೊಕ್ಕು ಮಾರಾಯ್ತಿ ನಿಂಗೆ" ಎಂದು ನೀನು ಮೂರನೆಯದು ಎಸೆದೆ. ಏಕವಚನಕ್ಕೆ ಬಂದೆಯಲ್ಲ, ನನಗೆ ಅಷ್ಟು ಸಾಕಾಯಿತು. ಬಿಸಿಲಿಗೆ ಹಿಡಿದರೆ ಎರಡೂ ಒಂದೇ ಬಣ್ಣ. ಸೈಕಲ್‌ನವನೊಬ್ಬ ಬೆಲ್ ಹೊಡೆಯುತ್ತಿದ್ದ. ನಿಲ್ಲಲಿ ಎಂದು ನಾನು ಆರಾಮಾಗಿ ಇನ್ನೊಂದು ಸಲ ನೋಡಿದೆ.

ಮಧ್ಯಾಹ್ನ ಯೋಗರಾಜ್ ಬಂದ. ಪಾಪ, ಅವನ ಮೇಲೆ ಅನುಮಾನ ಪಟ್ಟಿದ್ದೆ. "ಆಂಟಿ, ಕೀ?" ಎಂದು ಕೈ ಚಾಚಿದ.

"ಬಾಗಿಲು ತೆಗೆದಿದೆಯಲ್ಲಪ್ಪ, ಬೀಗದ ಕೈ ಯಾಕೆ?" ಎಂದೆ. ಇದನ್ನು ಮೊದಲೇ ಯೋಚಿಸಿರಲಿಲ್ಲ ವಿಮಲ. ಬಾಯಿಗೆ ಬಂತು. ಅವನು ನನ್ನನ್ನು ನೋಡಿದ, ಒಳಗೆ ಪೀಸುಗಳ ರಾಶಿ ಮಧ್ಯೆ ಕೂತಿದ್ದ ನಿನ್ನನ್ನು ನೋಡಿದ. "ಸರಿ ಬಿಡಿ ಆಂಟಿ" ಎಂದು ನಕ್ಕು, ಎದುರಿಗೆ ಅಧ್ಯಕ್ಷರ ಬೀಜದ ಅಂಗಡಿ ಹೇಗೂ ತೆಗೆದಿದೆಯಲ್ಲ ಎಂದು ಅಲ್ಲಿಗೆ ಹೋದ. ಗೋಡೌನ್ ಬೇಡ, ಅಂಗಡಿಯನ್ನೇ ಇಡು ಎಂದು ಮೈತ್ರಿ ಅವನಿಗೆ ಪಾಠ ಒಪ್ಪಿಸುತ್ತಿದ್ದಳು. ನಾನು ಬಸ್ಸಿಗೆ ಹೊರಡುವಾಗಲೂ ಅದು ಮುಗಿದಿರಲಿಲ್ಲ.

ಮನೆಯಲ್ಲಿ ಹೇಳಿದೆ. ದಿನವೂ ಬಸ್ಸಿನಲ್ಲಿ ಓಡಾಡುತ್ತೇನೆ, ಆಮೇಲೆ ನೋಡೋಣ ಎಂದೆ. ತಮ್ಮನ ಹೆಂಡತಿ ಅಳುವುದೋ ನಗುವುದೋ ತಿಳಿಯದೆ ನಾಳೆಯ ಬುತ್ತಿಗೆ ಏನು ಮಾಡಲಿ ಎಂದು ಕೇಳಿದಳು. ಮುರಳಿ, "ಇನ್ನು ಕಾಗದ ಬರೆಯೋದು ನಿಲ್ಲುತ್ತಲ್ಲ, ಟಪಾಲಿನವನಿಗೆ ಬೇಜಾರಾಗುತ್ತೆ" ಎಂದ.

ಇದನ್ನು ಅಂಚೆಗೆ ಹಾಕುವುದಿಲ್ಲ. ಕೈಯಲ್ಲೇ ತಂದು ಕೊಡುತ್ತೇನೆ. ಹಸಿರು ಹಿಡಿಯ ಪೊರಕೆ ತೆಗೆದಿಡು, ಮೆಟ್ಟಿಲು ನಾನೇ ಗುಡಿಸುತ್ತೇನೆ.

ನಾಳೆ ಸೋಮವಾರ.

ಪುಷ್ಪ